ಮಂಡಿಯ ಗುಮಾಸ್ತರೂ ಫುಟ್‌ಬಾಲಿನ ಸಾಹೇಬರೂ

ಆಟಗಾರನೊಬ್ಬ ತಂಡ ಬಿಟ್ಟು ಹೋದರೆ ಜನ ಕಣ್ಣೀರು ಹಾಕುವುದುಂಟು. ನಾಟಕದ ಕಂಪನಿಯಿಂದ ರಾಜಪಾರ್ಟಿನವನು ಹೊರಟುಹೋದನೆಂದು ಊರಿಗೆ ಊರೇ ಮಂಕಾದದ್ದನ್ನು ನಮ್ಮ ಹಿರಿಯರು ಬಣ್ಣಿಸಿ ಹೇಳುತ್ತಿದ್ದರು. ಆದರೆ ಕಂಪನಿಯ ಮ್ಯಾನೇಜರು ಹೋದನೆಂದು ನೆಲದ ಮೇಲೆ ಕುಳಿತು ನಾಟಕ ನೋಡುವವರು ಊಟ ಬಿಟ್ಟ ಕತೆಯನ್ನು ಯಾರೂ ಹೇಳಿದ್ದಿಲ್ಲ. ಗಾಡಿ ಗೊತ್ತುಮಾಡುವವನು, ಸಂಬಳ ಬಟವಾಡೆ ಮಾಡುವವನು, ಬಾಡಿಗೆಯ ಮನೆಯವನೊಡನೆ ವಾದ ಮಾಡುವವನು, ಇವರೆಲ್ಲ ಪರದೆಯ ಹಿಂದಿನವರು. ಪರದೆ ಏಳುವುದು ತಡವಾದಾಗ ಮಾತ್ರ ಅವರ ನೆನಪು. ಅದೂ ಬೈಗುಳದ ರೂಪದಲ್ಲಿ.

ಇಂಥ ಪರದೆಯ ಹಿಂದಿನವರೊಬ್ಬರಿಗಾಗಿ ನಮ್ಮ ಮನೆಯಲ್ಲಿ ಒಬ್ಬ ಹುಡುಗ ಎರಡು ದಿನ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ. ಇದು 2023ನೆಯ ಇಸವಿಯ ಬೇಸಗೆಯ ಮಾತು. ಹುಡುಗ ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಒಂದು ಕಂಪನಿಯ ಕೆಲಸ, ಆಸ್ಟಿನ್ ಟೌನಿನಲ್ಲಿ ಒಂದು ಕೋಣೆ, ಮೈಮೇಲೆ ಸದಾ ಒಂದು ನೀಲಿ ಅಂಗಿ. ರಜೆಗೆಂದು ಕಂದಿಕೆರೆಗೆ ಬಂದಿದ್ದ. ಜಗುಲಿಯಲ್ಲಿ ಫೋನು ಹಿಡಿದು ಕುಳಿತವನು ಮೇಲೇಳಲೇ ಇಲ್ಲ.

“ಯಾಕ್ ಮಗಾ, ಕೆಲ್ಸ ಏನಾದ್ರೂ ಹೋಯ್ತಾ?” ಎಂದು ನನ್ನ ತಾಯಿ ಗಾಬರಿಯಿಂದ ಕೇಳಿದಳು.

“ನಂದಲ್ಲ ಅಜ್ಜಿ. ಮಂದಾರ್ ಸಾರ್ ಹೋಗ್ತಾ ಇದಾರೆ.”

“ಅವರ್ಯಾರಪ್ಪ? ನಿಮ್ ಆಫೀಸಿನೋರಾ?”

ಅಲ್ಲವೆಂದು ತಿಳಿಸಿಹೇಳಲು ಅವನಿಗೆ ಅರ್ಧ ಗಂಟೆ ಹಿಡಿಯಿತು. ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ಸಂಘ. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಂಸ್ಥೆ ಅದನ್ನು 2013ರಲ್ಲಿ ಹುಟ್ಟುಹಾಕಿತು. ಆಗಿನಿಂದ ಸುಮಾರು ಹತ್ತು ವರ್ಷ ಆ ಸಂಘದ ಕಚೇರಿಯಲ್ಲಿದ್ದು, ಕೊನೆಗೆ ಅದರ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾಗಿದ್ದವರು ಮಂದಾರ್ ತಾಮ್ಹಾಣೆ. ಈಗ ಅವರು ಬಿಟ್ಟು ಹೊರಟಿದ್ದರು.

“ಆಡ್ತಿದ್ರಾ?” ಎಂದಳು ಅಮ್ಮ.

“ಇಲ್ಲ.”

“ಆಟ ಹೇಳಿಕೊಡ್ತಿದ್ರಾ?”

“ಅದೂ ಇಲ್ಲ.”

“ಮತ್ತೆ ನಿನಗ್ಯಾಕೋ ಸಂಕಟ?”

ಇದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆ ನನ್ನ ತಲೆಯೊಳಗೆ ಉಳಿದುಕೊಂಡಿತು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಂದಿಕೆರೆಗೂ ಫುಟ್‌ಬಾಲಿಗೂ ಯಾವ ನಂಟೂ ಇಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಈ ಹೋಬಳಿಯಲ್ಲಿ ಹುಡುಗರು ಕಬಡ್ಡಿ ಆಡುತ್ತಾರೆ, ವಾಲಿಬಾಲ್ ಆಡುತ್ತಾರೆ, ಇತ್ತೀಚೆಗೆ ಎಲ್ಲರಂತೆ ಕ್ರಿಕೆಟ್ಟಿನ ಹಿಂದೆ ಬಿದ್ದಿದ್ದಾರೆ. ಫುಟ್‌ಬಾಲಿಗೆ ಬೇಕಾದಷ್ಟು ಬಯಲು ನಮ್ಮಲ್ಲಿ ಉಳಿದಿಲ್ಲ; ಎಲ್ಲಿ ನೋಡಿದರಲ್ಲಿ ತೆಂಗಿನ ತೋಟ. ಗೋಲಿನ ಎರಡು ಕಂಬಗಳ ನಡುವಿನ ಅಂತರ 24 ಅಡಿಯಂತೆ. ನಾವು ಮರದಿಂದ ಮರಕ್ಕೆ ಬಿಡುವುದು ಸುಮಾರು 30 ಅಡಿ. ತೋಟದಲ್ಲಿಯೇ ಆಡಬಹುದಿತ್ತು, ಆದರೆ ಗೋಲು ಕಾಯುವವನ ಪಾಡು ಕಷ್ಟ; ಮೇಲಿನಿಂದ ಕಾಯಿ ಬೀಳುವ ಭಯ ಬೇರೆ.

ಅದೂ ಅಲ್ಲದೆ ಆ ಬೇಸಗೆಯಲ್ಲಿ ಊರಿಗೆ ಊರೇ ಇನ್ನೊಂದು ಸಂಕಟದಲ್ಲಿತ್ತು. ಕೊಬ್ಬರಿಯ ಧಾರಣೆ ಬಿದ್ದುಹೋಗಿತ್ತು. ಉಂಡೆ ಕೊಬ್ಬರಿಗೆ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ; ತಿಪಟೂರು ಮಾರುಕಟ್ಟೆಯಲ್ಲಿ ನಡೆಯುತ್ತಿದ್ದ ಬೆಲೆ ಅದಕ್ಕಿಂತ ಬಹಳ ಕೆಳಗೆ. ಒಂದು ವರ್ಷದ ಹತ್ತಿರ ಹತ್ತಿರ ಅಟ್ಟದಲ್ಲಿ ಕಾಯಿಸಿ, ಅಲ್ಲಾಡಿಸಿದರೆ ಒಳಗೆ ಲೊಟಲೊಟ ಎನ್ನುವವರೆಗೆ ಕಾದು, ಸುಲಿಸಿ, ಒಡೆಸಿ ಚೀಲಕ್ಕೆ ತುಂಬಿದ ಮಾಲನ್ನು ಹೊತ್ತು ಜನ ನಾಫೆಡ್ ಖರೀದಿಗೆಂದು ಸರದಿ ನಿಂತಿದ್ದರು. ಅಂಥ ಹೊತ್ತಿನಲ್ಲಿ ಫುಟ್‌ಬಾಲಿನ ಸಾಹೇಬರೊಬ್ಬರು ಕುರ್ಚಿ ಬಿಟ್ಟರೆಂದು ಮುಖ ಬಾಡಿಸಿಕೊಂಡರೆ ಸುಮ್ಮನಿರುತ್ತಾರೆಯೇ? “ಸಂಬಳ ತಗಂಡು ಕೆಲ್ಸ ಮಾಡ್ದ, ಇನ್ನೊಂದು ಕಡೆ ಜಾಸ್ತಿ ಸಿಕ್ತು, ಹೋದ. ಇದ್ರಲ್ಲೇನೈತೋ?” ಎಂದು ಪಕ್ಕದ ತೋಟದ ಅಣ್ಣಯ್ಯ ಒಂದೇ ಮಾತಿನಲ್ಲಿ ಮುಗಿಸಿದರು.

ಆದರೆ ಹಾಗೆಂದ ಅಣ್ಣಯ್ಯನವರೇ ಒಂದು ಕಾಲದಲ್ಲಿ ಒಬ್ಬ ಗುಮಾಸ್ತರ ಹಿಂದೆ ಹೋದವರು. ಆ ಕತೆಯನ್ನು ಹೇಳಬೇಕು.

ತಿಪಟೂರಿನ ಕೊಬ್ಬರಿ ವ್ಯಾಪಾರ ಗೊತ್ತಿದ್ದವರಿಗೆ ಮಂಡಿ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಈಗ ಟೆಂಡರು ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆಗಿನ ಕಾಲದಲ್ಲಿ ಎಲ್ಲವೂ ಬಾಯಿಮಾತು ಮತ್ತು ಕೆಂಪು ಬಟ್ಟೆಯ ರಟ್ಟಿನ ಪುಸ್ತಕ. ಮಂಡಿ ಸಾಹುಕಾರರದ್ದು, ನಿಜ. ಬಂಡವಾಳ ಅವರದ್ದು, ಹೊರಗಿನ ಬೋರ್ಡಿನ ಮೇಲಿನ ಹೆಸರೂ ಅವರದ್ದೇ. ಆದರೆ ನಮ್ಮ ಕಡೆಯ ರೈತನಿಗೆ ಸಾಹುಕಾರರ ದರ್ಶನವಾಗುತ್ತಿದ್ದದ್ದು ವರ್ಷಕ್ಕೆ ಒಂದೆರಡು ಸಲ. ನಮ್ಮ ನಂಟೆಲ್ಲ ಗುಮಾಸ್ತರ ಜತೆಗೆ. ತೂಕ ಹಾಕಿಸುವವರು ಅವರು, ಪಟ್ಟಿ ಬರೆಯುವವರು ಅವರು. ಮಗಳ ಮದುವೆಗೆ ಮುಂಗಡ ಬೇಕೆಂದರೆ ಒಳಗೆ ಹೋಗಿ ಸಾಹುಕಾರರ ಕಿವಿಯಲ್ಲಿ ಹೇಳುವವರೂ ಅವರೇ. ನಾವು ಹೋಗುತ್ತಿದ್ದ ಮಂಡಿಯ ಗುಮಾಸ್ತರಿಗೆ ಯಾರ ತೋಟದ ಕಾಯಿ ಎಷ್ಟು ದಪ್ಪ, ಯಾರ ಮನೆಯಲ್ಲಿ ಮುದುಕಿಗೆ ಕಾಯಿಲೆ, ಯಾರ ಮಗ ಪರೀಕ್ಷೆಯಲ್ಲಿ ಉರುಳಿದ್ದಾನೆ, ಎಲ್ಲವೂ ಬಾಯಿಗೆ ಬರುತ್ತಿತ್ತು. ಪಟ್ಟಿ ಕೈಗೆ ಕೊಡುವಾಗ “ಕಂದಿಕೆರೆ ಕಡೆ ಮಳೆ ಆಯ್ತೇ?” ಎಂದು ಒಂದು ಮಾತು. ಆ ಮಾತಿಗೆ ಬೆಲೆ ಕಟ್ಟಿದವರಿಲ್ಲ.

ಆ ಗುಮಾಸ್ತರು ಒಂದು ದಿನ ಆ ಮಂಡಿ ಬಿಟ್ಟು ನಾಲ್ಕು ಅಂಗಡಿ ಆಚೆಯ ಇನ್ನೊಂದು ಮಂಡಿ ಸೇರಿದರು. ಕಾರಣ ಏನೆಂದು ಅವರೂ ಹೇಳಲಿಲ್ಲ, ಸಾಹುಕಾರರೂ ಹೇಳಲಿಲ್ಲ. ಮುಂದಿನ ಹಂಗಾಮಿನಲ್ಲಿ ನಮ್ಮ ಹೋಬಳಿಯ ಅರ್ಧ ಗಾಡಿಗಳು ಹಳೆಯ ಬೋರ್ಡನ್ನು ದಾಟಿ ನಾಲ್ಕು ಅಂಗಡಿ ಮುಂದಕ್ಕೆ ಹೋಗಿ ನಿಂತವು. ಮೊದಲನೆಯ ಗಾಡಿ ಅಣ್ಣಯ್ಯನವರದ್ದು.

ಇದನ್ನು ನಾನು ನೆನಪಿಸಿದಾಗ ಅಣ್ಣಯ್ಯನವರು ನಕ್ಕರು. ಹುಡುಗ ಮಾತ್ರ ನಗಲಿಲ್ಲ. “ನಿಮಗೆ ಸುಲಭ ಮಾವ. ಗುಮಾಸ್ತ್ರು ಹೋದ್ರು, ಕೊಬ್ಬರಿ ತಗಂಡು ನೀವೂ ಹಿಂದೆ ಹೋದ್ರಿ. ನಾವೇನ್ ಮಾಡೋದು? ಅವ್ರು ಗುವಾಹಟಿಗೆ ಹೋಗ್ತಾರೆ, ನಾರ್ತ್‌ಈಸ್ಟ್ ಯುನೈಟೆಡ್‌ಗೆ. ನಾನು ನೀಲಿ ಅಂಗಿ ಬಿಚ್ಚಿ ಆ ಕಡೆಯ ಅಂಗಿ ಹಾಕ್ಕಳಕ್ಕಾಗುತ್ತಾ?”

ಆಗ ನನಗೆ ಅವನ ಸಂಕಟದ ಬುಡ ಕೈಗೆ ಸಿಕ್ಕಿತು. ಆಟದ ಅಭಿಮಾನಿ ವಿಚಿತ್ರ ಗಿರಾಕಿ. ಅಂಗಡಿ ಬದಲಾಯಿಸುವ ಹಕ್ಕು ಅವನಿಗೆ ಇಲ್ಲ. ಯಾರೂ ಕಸಿದುಕೊಂಡಿಲ್ಲ, ತಾನೇ ಬಿಟ್ಟುಕೊಟ್ಟಿದ್ದಾನೆ. ಸಾಹುಕಾರರು ಬದಲಾದರೂ ಅವನು ಅಲ್ಲಿಯೇ, ಆಟಗಾರರೆಲ್ಲ ಹೋದರೂ ಅಲ್ಲಿಯೇ. ತನ್ನ ಮುಖ ಗುರುತಿಟ್ಟುಕೊಂಡಿದ್ದ ಒಬ್ಬರು ಎದ್ದು ಹೋದರೂ ಅವನು ಆ ಖಾಲಿ ಕುರ್ಚಿಯ ಎದುರಿಗೇ ಕುಳಿತಿರಬೇಕು.

ಅವನ ಜತೆ ನಾನು ಒಂದೇ ಒಂದು ಪಂದ್ಯ ನೋಡಿದ್ದೇನೆ. ಅದೂ ಅದೇ ವರ್ಷದ ಮಾರ್ಚ್ 3ರಂದು, ಕಂಠೀರವ ಕ್ರೀಡಾಂಗಣದಲ್ಲಿ, ಕೇರಳ ಬ್ಲಾಸ್ಟರ್ಸ್ ತಂಡದೊಡನೆ. ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದವನನ್ನು ಅವನು ಎಳೆದುಕೊಂಡು ಹೋದ. ಅವನ ಗೆಳೆಯರೆಲ್ಲ ಪಶ್ಚಿಮದ ಕಡೆ ನಿಲ್ಲುವವರು. ತಮ್ಮ ಗುಂಪಿಗೆ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರು. ಸಂಘ ತನ್ನ ಮೊದಲನೆಯ ವರ್ಷ ಅಶೋಕನಗರದ ಹಳೆಯ ಫುಟ್‌ಬಾಲ್ ಮೈದಾನದಲ್ಲಿ ಆಡುತ್ತಿದ್ದಾಗ ಅಲ್ಲಿನ ಪಶ್ಚಿಮದ ಕಟ್ಟೆಯಲ್ಲಿ ಸೇರುತ್ತಿದ್ದವರಿಂದ ಬಂದ ಹೆಸರದು. ‘ನಿಲ್ಲುವವರು’ ಎಂದದ್ದು ಸುಮ್ಮನೆ ಅಲ್ಲ. ದುಡ್ಡು ಕೊಟ್ಟು ಕುರ್ಚಿ ಪಡೆದು, ಅದರ ಮೇಲೆ ಒಂದು ನಿಮಿಷವೂ ಕೂರದ ಜನರನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು. ಡೋಲು, ಹಾಡು, ಕೂಗು. ನಮ್ಮ ಊರಿನ ಜಾತ್ರೆಯಲ್ಲಿ ತೇರು ಹೊರಡುವಾಗ ಇಷ್ಟು ಗಲಾಟೆ ಇರುತ್ತದೆ, ಆದರೆ ಅದು ಕಾಲು ಗಂಟೆ. ಇಲ್ಲಿ ಎರಡು ಗಂಟೆಯ ಮೇಲೆ.

ತೊಂಬತ್ತು ನಿಮಿಷವಾದರೂ ಎರಡು ಕಡೆಯೂ ಗೋಲಿಲ್ಲ. ಹೆಚ್ಚುವರಿ ಸಮಯ ಶುರುವಾಗಿ ಸ್ವಲ್ಪ ಹೊತ್ತಿಗೆ ಬೆಂಗಳೂರಿಗೆ ಒಂದು ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿದ್ದರು. ಸುನಿಲ್ ಛೆಟ್ರಿ ಯಾರಿಗೂ ಕಾಯದೆ ಚೆಂಡನ್ನು ಎತ್ತಿ ಗೋಲಿನೊಳಗೆ ಇಳಿಸಿಬಿಟ್ಟರು. ನ್ಯಾಯವೋ ಅನ್ಯಾಯವೋ ನಾನು ಹೇಳಲಾರೆ, ರೆಫರಿ ಗೋಲೆಂದರು. ಕೇರಳದ ತರಬೇತುದಾರರು ತಮ್ಮ ಹುಡುಗರನ್ನೆಲ್ಲ ಮೈದಾನದಿಂದ ಹೊರಕ್ಕೆ ಕರೆದುಕೊಂಡುಬಿಟ್ಟರು! ಆಡುವವರು ಒಂದು ಕಡೆ ಮಾತ್ರ ಉಳಿದರು. (ಆಮೇಲೆ ಕೇರಳದ ಸಂಘಕ್ಕೆ ನಾಲ್ಕು ಕೋಟಿ ದಂಡ ಬಿತ್ತು.) ಅಷ್ಟು ಹೊತ್ತು ಆಟ ನಿಂತು ಏನಾಗುತ್ತದೆಂದು ಯಾರಿಗೂ ತಿಳಿಯದಿದ್ದಾಗ ನಾನು ನೋಡಿದ್ದು ಆಟಗಾರರನ್ನಲ್ಲ. ಮೈದಾನದ ಅಂಚಿನಲ್ಲಿ, ಕೊರಳಿಗೆ ಗುರುತಿನ ಚೀಟಿ ತೂಗಿಬಿಟ್ಟುಕೊಂಡು, ಕಿವಿಗೆ ಫೋನು ಒತ್ತಿಕೊಂಡು ಅತ್ತಿತ್ತ ನಡೆಯುತ್ತಿದ್ದ ಕೆಲವರನ್ನು. ಯಾರು ಯಾರೆಂದು ದೂರದಿಂದ ತಿಳಿಯುವಂತಿರಲಿಲ್ಲ. ನಮ್ಮ ಊರಿನ ಮದುವೆಯಲ್ಲಿ ಬೀಗರು ಮುನಿಸಿಕೊಂಡು ಎದ್ದಾಗ ಚಪ್ಪರದ ಹಿಂದೆ ಓಡಾಡುವ ಮುಖಗಳು ಹೇಗಿರುತ್ತವೆಯೋ ಹಾಗೆಯೇ ಇದ್ದವು. ಕೊನೆಗೆ ಗೆಲುವು ಬೆಂಗಳೂರಿಗೆಂದು ತೀರ್ಮಾನವಾಯಿತು.

ಅದರ ಮರುದಿನವೇ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. 1968–69ರಲ್ಲಿ ಮೈಸೂರು ರಾಜ್ಯವೆಂಬ ಹೆಸರಿನಲ್ಲಿ ಗೆದ್ದದ್ದೇ ಕಡೆ. ಆ ಹುಡುಗರನ್ನು ಕಳಿಸಿದವರು, ಅವರ ಪಾಸ್‌ಪೋರ್ಟು, ಊಟ, ಕಾಲುಚೀಲದ ವ್ಯವಸ್ಥೆ ನೋಡಿದವರು ಯಾರೋ ಇದ್ದೇ ಇರಬೇಕು. ಅವರ ಹೆಸರನ್ನು ನನ್ನ ಸೋದರಳಿಯನೂ ಹೇಳಲಾರ.

ಅವನ ಮನೆಯ ಮಾಲೀಕರು ಹಿಂದೆ ಒಂದು ಕಾರ್ಖಾನೆಯ ತಂಡದಲ್ಲಿ ಆಡಿದವರು. ಪಂದ್ಯ ಮುಗಿಸಿ ಹೋದ ರಾತ್ರಿ ನಮ್ಮನ್ನು ಕೂರಿಸಿಕೊಂಡು ಚಹ ಕೊಟ್ಟು, ಬೆಂಗಳೂರಿನ ಫುಟ್‌ಬಾಲು 2013ರಲ್ಲಿ ಹುಟ್ಟಿತೆಂದು ತಿಳಿದಿರುವ ಈಗಿನ ಹುಡುಗರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿಯೇ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದದ್ದು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಮೇಲೆ ಭಾರತ ಹೊಡೆದ ಒಂದೇ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದ್ದೆಂಬುದು, ಹಲಸೂರಿನ ಗೌತಮಪುರದಲ್ಲಿ ಪೆಲೆಗೆ ವಿಗ್ರಹ ನಿಲ್ಲಿಸಿರುವುದು, ಎಲ್ಲವನ್ನೂ ಹೇಳಿದರು. ಎಚ್‌ಎಎಲ್, ಐಟಿಐ, ಬಿಇಎಂಎಲ್ ಎಂದು ಕಾರ್ಖಾನೆಗೊಂದು ತಂಡವಿದ್ದ ದಿನಗಳನ್ನು ನೆನೆದರು. ಆಮೇಲೆ ಸ್ವಲ್ಪ ಸುಮ್ಮನಿದ್ದು ಹೇಳಿದರು: “ನಮ್ಮ ತಂಡಕ್ಕೆ ಒಬ್ಬ ಆಫೀಸರಿದ್ದರು. ಆಟದ ಹುಚ್ಚು. ನಮಗೆ ಮೊಟ್ಟೆ, ಹಾಲು, ರಜೆ, ಎಲ್ಲ ಅವರೇ ಹೋರಾಡಿ ಕೊಡಿಸಿದ್ದು. ಅವರು ರಿಟೈರಾದರು. ಬಂದವರಿಗೆ ಇದು ದಂಡದ ಖರ್ಚು ಅನ್ನಿಸ್ತು. ಎರಡು ವರ್ಷದಲ್ಲಿ ತಂಡವೇ ಇಲ್ಲ. ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ.”

ಈ ಮಾತು ಹುಡುಗನಿಗೆ ನಾಟಿತ್ತೆಂದು ಕಾಣುತ್ತದೆ. ಜಗುಲಿಯ ಮೇಲೆ ಅವನು ಮೂಕನಾಗಿದ್ದ ಎರಡು ದಿನ ಅವನ ಮನಸ್ಸಿನಲ್ಲಿದ್ದದ್ದು ಸಾಹೇಬರ ಮುಖಕ್ಕಿಂತ ಹೆಚ್ಚಾಗಿ ಆ ಆಫೀಸರರ ಕತೆಯೇ ಇರಬೇಕು.

ಅವನ ಗೆಳೆಯರ ಬಳಗದಲ್ಲಿ ಎಲ್ಲರೂ ಅಳುತ್ತಿದ್ದರೆಂದು ತಿಳಿಯಬೇಡಿ. ಫೋನಿನಲ್ಲಿ ಬಂದದ್ದನ್ನೆಲ್ಲ ಅವನು ನನಗೆ ಓದಿ ಹೇಳಿದ. ಒಬ್ಬ ಹತ್ತು ವರ್ಷದ ಗೆಲುವುಗಳನ್ನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ್ದ: ಮೊದಲನೆಯ ವರ್ಷವೇ, 2014ರಲ್ಲಿ, ಐ-ಲೀಗ್, 2016ರಲ್ಲಿ ಮತ್ತೊಮ್ಮೆ, ಅದೇ ವರ್ಷ ದೋಹಾದಲ್ಲಿ ಎಎಫ್‌ಸಿ ಕಪ್ಪಿನ ಫೈನಲ್, ಭಾರತದ ಯಾವ ಸಂಘವೂ ಅಲ್ಲಿಯವರೆಗೆ ಮುಟ್ಟದಿದ್ದದ್ದು, 2019ರಲ್ಲಿ ಇಂಡಿಯನ್ ಸೂಪರ್ ಲೀಗ್, 2022ರಲ್ಲಿ ಡ್ಯುರಾಂಡ್ ಕಪ್. ಇನ್ನೊಬ್ಬ ಅದೇ ಲೆಕ್ಕದ ಕೆಳಗೆ ಖರ್ಚಿನ ಬಾಬತ್ತು ಬರೆದಿದ್ದ: 2020–21ರಲ್ಲಿ ಏಳನೆಯ ಸ್ಥಾನ, ಮರುವರ್ಷ ಆರನೆಯದು, 2021ರ ಮೇ ತಿಂಗಳಲ್ಲಿ ಮಾಲ್ಡೀವ್ಸಿಗೆ ಹೋದಾಗ ತಂಡದವರು ಕೋವಿಡ್ ನಿಯಮ ಮುರಿದು, ಆಡದೆಯೇ ವಾಪಸಾಗಿ, ಸಂಘದ ಒಡೆಯರೇ ಕ್ಷಮೆ ಕೇಳಬೇಕಾಗಿ ಬಂದದ್ದು. ಗೆಲುವೆಲ್ಲ ಆಟಗಾರರದ್ದು, ಸೋಲೆಲ್ಲ ಕಚೇರಿಯದ್ದು ಎಂಬ ಈ ಲೆಕ್ಕಾಚಾರ ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ಪ್ರಪಂಚದಲ್ಲಿ ಎಲ್ಲ ಕಡೆಯೂ ಕಚೇರಿಯವರ ಪಾಲಿಗೆ ಬರುವುದು ಅದೇ. ಮೂರನೆಯ ಹುಡುಗ ಒಂದೇ ಸಾಲು ಬರೆದಿದ್ದ: ಇನ್ನು ಮುಂದೆ ನಮ್ಮ ಫೋನು ಎತ್ತುವವರು ಯಾರು?

ಆ ಒಂದು ಸಾಲಿನ ಮೇಲೆ ಸುಮಾರು ನೂರು ಜನ ಮಾತಾಡಿದ್ದರು. ಅವರಲ್ಲಿ ಸಾಹೇಬರಿಗೆ ಎಂದಾದರೂ ಫೋನು ಮಾಡಿದವರು ನಾಲ್ಕೈದು ಜನವೂ ಇರಲಾರರು. ಆದರೂ ಪ್ರಶ್ನೆ ಎಲ್ಲರದ್ದೂ ಆಗಿತ್ತು. ಮಂಡಿಯ ಪುಸ್ತಕದಲ್ಲಿ ನಮ್ಮ ಹೆಸರಿತ್ತು, ಊರಿತ್ತು, ಬಾಕಿಯೂ ಇತ್ತು. ಬಾಕಿ ಇರುವವರೆಗೆ ಯಾವ ಸಾಹುಕಾರನೂ ರೈತನನ್ನು ಮರೆಯುವುದಿಲ್ಲ. ಈ ಹುಡುಗರ ಹೆಸರು ಯಾವ ಪುಸ್ತಕದಲ್ಲಿದೆ? ಟಿಕೆಟ್ಟಿನ ಹಣ ಜಮೆಯಾಗಿದೆ, ಅಷ್ಟೇ.

ಬೇರೆ ಕಡೆ ಇದು ಬೇರೆ ರೀತಿಯಲ್ಲಿ ನಡೆದದ್ದುಂಟು. ಕಲ್ಕತ್ತೆಯ ಮೋಹನ್ ಬಾಗಾನ್ ಹೆಸರಿನ ಮುಂದೆ 2020ರಲ್ಲಿ ‘ಎಟಿಕೆ’ ಎಂಬ ಮೂರಕ್ಷರ ಬಂದು ಕುಳಿತಾಗ ಅಲ್ಲಿನ ಅಭಿಮಾನಿಗಳು ಮೂರು ವರ್ಷ ಬಿಡದೆ ಕೂಗಾಡಿ 2023ರಲ್ಲಿ ಅದನ್ನು ಇಳಿಸಿಯೇಬಿಟ್ಟರು. ಲಂಡನ್ನಿನ ಟಾಟನ್‌ಹ್ಯಾಮ್ ಸಂಘದಲ್ಲಿ ಡೇನಿಯಲ್ ಲೆವಿ ಎಂಬವರು 2001ರಿಂದ ಅಧ್ಯಕ್ಷರಾಗಿದ್ದರು. ಹೊಸ ಕ್ರೀಡಾಂಗಣ ಕಟ್ಟಿಸಿದರು, ಸಂಘವನ್ನು ಶ್ರೀಮಂತ ಮಾಡಿದರು. ಕಪ್ಪುಗಳು ಮಾತ್ರ ಬೆರಳೆಣಿಕೆಗೂ ಕಡಿಮೆ. ಇಳಿಯಿರಿ ಎಂದು ಅಭಿಮಾನಿಗಳೇ ಬಟ್ಟೆಯ ಮೇಲೆ ಬರೆದು ಹಿಡಿದರು. 2025ರ ಸೆಪ್ಟೆಂಬರ್‌ನಲ್ಲಿ ಅವರು ಇಳಿದರು. ಸುದ್ದಿ ಬಂದ ದಿನ ಹುಡುಗ ನನಗೆ ಫೋನು ಮಾಡಿ, “ನೋಡಿ ಮಾವ, ಇಪ್ಪತ್ತನಾಲ್ಕು ವರ್ಷ ಬೈದ್ರೂ ಅವ್ರಿಗೆ ಬೈಯಕ್ಕೆ ಒಂದು ಮುಖ ಇತ್ತು” ಎಂದ. ಅಸೂಯೆಯಿಂದ ಹೇಳಿದನೋ ತಮಾಷೆಗೆ ಹೇಳಿದನೋ ತಿಳಿಯಲಿಲ್ಲ.

ನಮ್ಮ ಸಾಹೇಬರು ಹೋದ ಮೇಲೆ ಏನಾಯಿತೆಂದು ಓದುಗರು ಕೇಳಬಹುದು. 2023–24ರಲ್ಲಿ ಬೆಂಗಳೂರು ಹನ್ನೆರಡು ತಂಡಗಳ ನಡುವೆ ಹತ್ತನೆಯದಾಯಿತು. ಹೋದವರಿಂದಲೇ ಹೀಗಾಯಿತೆಂದು ಕೆಲವರು, ಹೋಗುವಾಗಲೇ ಹಾಳಾಗಿತ್ತೆಂದು ಕೆಲವರು. ಮರುವರ್ಷ ಮೂರನೆಯದಾಗಿ ಫೈನಲಿಗೂ ಹೋಯಿತು. 2025ರ ಏಪ್ರಿಲ್ 12ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್‌ಗೆ 2–1ರಿಂದ ಸೋತಿತು. ಆಗ ವಾದ ಮಾಡುತ್ತಿದ್ದ ಎರಡು ಪಂಗಡದವರೂ ಒಟ್ಟಿಗೆ ಅತ್ತರಂತೆ.

ಅತ್ತ ಗುವಾಹಟಿಯ ತಂಡ 2024ರ ಆಗಸ್ಟ್ 31ರಂದು ಅದೇ ಮೋಹನ್ ಬಾಗಾನ್ ತಂಡವನ್ನು ಅದರ ಊರಿನಲ್ಲಿಯೇ ಪೆನಾಲ್ಟಿಯಲ್ಲಿ ಸೋಲಿಸಿ ಡ್ಯುರಾಂಡ್ ಕಪ್ ಗೆದ್ದಿತು. 2025ರಲ್ಲಿ ಮತ್ತೆ ಗೆದ್ದಿತು. ಮೊದಲನೆಯ ಸಲ ಗೆದ್ದ ವಾರ ಹುಡುಗ ಊರಿಗೆ ಬಂದಿದ್ದ. ಪಂದ್ಯ ನೋಡಿದೆಯಾ ಎಂದೆ. ನೋಡಿದೆ ಎಂದ. ಹೇಗನ್ನಿಸಿತು ಎಂದೆ.

“ಖುಷಿನೂ ಆಯ್ತು ಮಾವ, ಹೊಟ್ಟೆನೂ ಉರೀತು.”

ಅಣ್ಣಯ್ಯನವರು ಜಗುಲಿಯ ಆ ತುದಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆ ಎತ್ತದೆ ಕೇಳಿದರು: “ಈಗ ನಿಮ್ ಫೋನ್ ಎತ್ತಕ್ಕೆ ಯಾರವ್ರೋ ಅಲ್ಲಿ?”

ಹುಡುಗ ಒಂದು ಹೆಸರು ಹೇಳಿದ. ಹೇಳಿ, ಆ ಹೆಸರು ಸರಿಯೋ ಅಲ್ಲವೋ ಎಂದು ನೋಡಲು ಜೇಬಿನಿಂದ ಫೋನು ತೆಗೆದ.